ಸುಳಿಯಲ್ಲಿ ನಿಂತ ನೀರು

ಆ ದೀಪಾವಳಿಗೆ ನಮ್ಮ ದ್ರಾಕ್ಷಿ ಒಯ್ಯುವ ಸಾಂಗ್ಲಿಯ ವ್ಯಾಪಾರಿ ಪೇಡೆಯ ಡಬ್ಬಿಯ ಬದಲು ಒಂದು ಹೂವಿನ ಕುಂಡ ಕಳಿಸಿದ. ಬಿಳಿ ಪಿಂಗಾಣಿ ಕುಂಡ, ಅದರ ಕೊರಳಿಗೆ ಕೆಂಪು ರಿಬ್ಬನ್ನು. ಒಳಗೆ ಮಣ್ಣೇ ಇಲ್ಲ, ಒಣಗಿದ ಪಾಚಿಯಂಥದ್ದೇನನ್ನೋ ತುರುಕಿದ್ದರು. ಎಮ್ಮೆಯ ನಾಲಿಗೆಯಂಥ ದಪ್ಪ ಎಲೆಗಳು, ಅವುಗಳ ಸಂದಿಯಿಂದ ಎದ್ದು ಬಾಗಿದ ಒಂದೇ ಕಡ್ಡಿ, ಆ ಕಡ್ಡಿಯ ತುಂಬ ಬಿಳಿ ಹೂವು. ಕುಂಡಕ್ಕೆ ಆರ್ಕಿಡ್ ಎಂದು ಚೀಟಿ ಅಂಟಿಸಿತ್ತು.

ನನ್ನ ಹೆಂಡತಿ ಅದನ್ನು ಸುತ್ತಿ ಸುತ್ತಿ ನೋಡಿದಳು. "ತಲ್ಯಾಗ ಮುಡಿಯಾಕ ಬರೂದಿಲ್ಲ, ದೇವರಿಗೆ ಏರಸಾಕ ಮನಸ್ಸಾಗೂದಿಲ್ಲ. ಇದನ್ನ ಇಟಗೊಂಡ ಏನ ಮಾಡೂದ್ರಿ?" ಎಂದಳು. ಅಷ್ಟರಲ್ಲಿ ನಮ್ಮ ಆಡು ರಿಬ್ಬನ್ನಿಗೆ ಬಾಯಿ ಹಾಕಿತ್ತು. ನಮ್ಮದು ತೋಟದ ಮನೆ, ಕಾಗವಾಡದಿಂದ ಸ್ವಲ್ಪ ಹೊರಗೆ. ಆಡು, ಕೋಳಿ, ಔಷಧದ ಡ್ರಮ್ಮುಗಳ ನಡುವೆ ಇಂಥ ನಾಜೂಕಿನ ಗಿಡಕ್ಕೆ ಜಾಗವಿರಲಿಲ್ಲ. ಚಿಕ್ಕೋಡಿಯಲ್ಲಿರುವ ನಮ್ಮ ಅಕ್ಕನಿಗೆ ಕೊಟ್ಟುಬಿಡೋಣ ಎಂದುಕೊಂಡೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಜನ ನನ್ನನ್ನು ಬಿಟ್ಟು ಅದನ್ನೇ ನೋಡಿದರು.

ಅಕ್ಕನ ಗಂಡ ಚಿಕ್ಕೋಡಿಯ ಕೋರ್ಟಿನಲ್ಲಿ ಸಿಪಾಯಿಯಾಗಿದ್ದ. ದುಡಿದ ದುಡ್ಡಿನಲ್ಲಿ ಒಂದು ಓಣಿಯೊಳಗೆ ಎರಡು ಖೋಲಿಯ ಮನೆ ಕಟ್ಟಿ, ಅದರ ಬಣ್ಣ ಮಾಸುವ ಮೊದಲೇ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಕಾಗವಾಡಕ್ಕೆ ಬಾ ಎಂದು ನಾನು ಕರೆದರೆ, "ನನ್ನ ಮನಿ ನನಗ ಐತೆಲೋ ತಮ್ಮಾ" ಎಂದಳು. ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಮಾರಿ ತನ್ನ ಹೊಟ್ಟೆ ತಾನು ಹೊರೆದುಕೊಂಡಳು. ಯಾರ ಮುಂದೂ ಕೈ ಚಾಚದ ಗುಣ ನಮ್ಮಿಬ್ಬರಿಗೂ ಒಂದೇ.

ಆದರೆ ಗಂಡ ಹೋದ ಮೇಲೆ ಓಣಿಯ ಹೆಣ್ಣುಮಕ್ಕಳು ಅವಳ ಮನೆಯೊಳಗೆ ಬಂದು ಕೂರುವುದು ನಿಂತುಹೋಗಿತ್ತು. ಯಾರೂ ಜಗಳವಾಡಿರಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆಯುವಾಗ ಇವಳ ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಹೋಗುವುದು ರೂಢಿಯಾಯಿತು. ಬಾಗಿಲು ಬಿಟ್ಟವರು ಆಮೇಲೆ ಮಾತನ್ನೂ ಕಡಿಮೆ ಮಾಡಿದರು. ರೊಟ್ಟಿ ಬೇಕಾದವರು ಕಟ್ಟೆಯ ಮೇಲೆ ನಿಂತು ತೆಗೆದುಕೊಂಡು ಹೋಗುತ್ತಿದ್ದರು. ಅಕ್ಕ ಇದನ್ನೆಂದೂ ಬಾಯಿಬಿಟ್ಟು ಹೇಳಿದವಳಲ್ಲ. ನಾನು ಹೋದ ದಿನ ಚಪ್ಪಲಿ ಕಳಚುವುದರಿಂದ ಹಿಡಿದು ಬಸ್ಸಿಗೆ ಹೊರಡುವವರೆಗೂ ಒಂದೇ ಸಮನೆ ಮಾತಾಡುತ್ತಿದ್ದಳು. ಅದರಿಂದ ನನಗೆ ತಿಳಿಯುತ್ತಿತ್ತು.

ಕುಂಡವನ್ನು ಮುಂದಿನ ಖೋಲಿಯ ಕಿಟಕಿಯಲ್ಲಿಟ್ಟು, "ಬೆಳಗಿನ ಬಿಸಲ ಸಾಕ ಇದಕ್ಕ" ಎಂದೆ.

"ಪಾತರಗಿತ್ತಿ ಕುಂತಂಗ ಐತಲ್ಲೋ," ಎಂದಳು ಅಕ್ಕ. ಅವಳ ಬಾಯಲ್ಲಿ ಅದು ಪಾತರಗಿತ್ತಿ ಹೂವೇ ಆಯಿತು.

ಮುಂದೆ ದ್ರಾಕ್ಷಿಯ ಕೆಲಸದಲ್ಲಿ ನಾನು ಚಿಕ್ಕೋಡಿಯ ಕಡೆ ತಿರುಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೋದರೆ ಅಕ್ಕನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ನಮ್ಮಲ್ಲಿ ಒಂಟಿ ಹೆಂಗಸಿನ ಮನೆಯ ಮುಂದೆ ಅಷ್ಟು ಚಪ್ಪಲಿ ಸುಮ್ಮನೆ ಬೀಳುವುದಿಲ್ಲ. ಓಡಿ ಒಳಗೆ ಹೋದೆ. ಚಾಪೆಯ ಮೇಲೆ ಓಣಿಯ ಹೆಣ್ಣುಮಕ್ಕಳು ಕೂತು ನಗಾಡುತ್ತಿದ್ದರು. ಅಕ್ಕ ಚಹಾ ಸೋಸುತ್ತಿದ್ದಳು. ಕಿಟಕಿಯಲ್ಲಿ ಗಿಡ ನಾನಿಟ್ಟಂತೆಯೇ ಇತ್ತು, ಒಂದು ಹೂವೂ ಬಾಡಿರಲಿಲ್ಲ.

ಎದುರು ಮನೆಯ ವೈನಿ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡರು. ಅವರು ಜೈನರು, ಯಜಮಾನರದು ಪೇಟೆಯಲ್ಲಿ ಕಿರಾಣಿ ಅಂಗಡಿ. "ಬರ್ರಿ ದಾದಾ. ನೀವ ತಂದ ಕೊಟ್ಟದ್ದಂತಲ್ಲ ಇದು? ನಾ ಮೊದಲ ಪ್ಲಾಸ್ಟಿಕ್ಕಂತ ತಿಳದಿದ್ದೆ. ಉಗುರಿಲೆ ಚಿವುಟಿ ನೋಡಿದ ಮ್ಯಾಲ ಖರೆ ಅನಿಸ್ತು."

"ಚಿವುಟ ಬ್ಯಾಡ್ರಿ, ಬೇಗಂ ಸಾಹೇಬ್ರಿಗೆ ಸಿಟ್ಟ ಬರತೈತಿ," ಎಂದರು ಪಕ್ಕದ ಮನೆಯ ಭಾಭಿ. ಅವರ ಗಂಡ ಸ್ಟೋವು, ಕುಕ್ಕರು ರಿಪೇರಿ ಮಾಡುವವನು. ಆ ಹೂವಿಗೆ ಬೇಗಂ ಸಾಹೇಬ್ ಎಂದು ಹೆಸರಿಟ್ಟವರು ಅವರೇ. "ಎರಡ ತಿಂಗಳಾತು, ಹಂಗ ಕುಂತಾಳ ನೋಡ್ರಿ. ಒಂದ ಕೆಲಸಾ ಇಲ್ಲ, ಒಂದ ಬೊಗಸಿ ಇಲ್ಲ."

ಆ ದಿನ ಅಕ್ಕ ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ. ಬಾಡದ ಹೂವಿದೆ ಎಂಬ ಸುದ್ದಿ ಓಣಿ ದಾಟಿ ಹೋಗಿತ್ತು. ಹೊಸದಾಗಿ ಮದುವೆಯಾದವರನ್ನು ಕರೆತಂದು ತೋರಿಸುತ್ತಿದ್ದರು. ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ, ಒಂದು ತಂಬಿಗೆ ನೀರು ಹಿಡಿದು ಬಂದು ಗಿಡಕ್ಕೆ ಹಾಕಿ, ಎಲೆಗಳ ನಡುವಿನ ಸುಳಿಗೆ ಅರಿಶಿನ ಕುಂಕುಮ ಏರಿಸಿ, ಆಮೇಲೆ ಚಾಪೆಯ ಮೇಲೆ ಕೂರುತ್ತಿದ್ದರು. ಶೀಗೀ ಹುಣ್ಣಿಮೆಗೆ ಹೊಲದಲ್ಲಿ ನಿಂತ ಪೈರನ್ನು ಬಸುರಿ ಎಂದು ಬಗೆದು ಚರಗ ಚೆಲ್ಲಿ ಉಣಿಸುವ ಮಂದಿ ನಾವು. ಹೂ ಬಿಟ್ಟು ನಿಂತ ಗಿಡವನ್ನು ಸುಮ್ಮನೆ ನೋಡಿ ಹೋಗುವುದು ನಮ್ಮ ಹೆಣ್ಣುಮಕ್ಕಳಿಗೆ ಬರುವುದಿಲ್ಲ. ಒಬ್ಬಾಕೆಯಂತೂ ಒಂದು ಚಮಚ ಹಾಲನ್ನೂ ಹಾಕಿದಳಂತೆ.

ನಾನು ಕೂತಿದ್ದಾಗಲೇ ಒಂದು ಸಂಗತಿ ನಡೆಯಿತು. ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಸುಳಿಗೆ ಕುಂಕುಮ ಏರಿಸಿ, ಮಾತಿನ ಭರದಲ್ಲಿ ಕುಂಕುಮದ ಬಟ್ಟಲನ್ನು ಅಕ್ಕನ ಮುಂದೆ ಹಿಡಿದಳು. ಹಿಡಿದ ಮೇಲೆ ಅವಳಿಗೆ ನೆನಪಾಯಿತು, ಕೈ ಅಲ್ಲೇ ನಿಂತಿತು. ವೈನಿಯೇ ಆಗ, "ಏರಸ್ರಿ ಅಕ್ಕಾ, ನಿಮ್ಮ ಗಿಡ ಅಲ್ಲೇನು" ಎಂದರು. ಅಕ್ಕ ಬೆರಳ ತುದಿಯಲ್ಲಿ ಕುಂಕುಮ ತೆಗೆದುಕೊಂಡು ಹೂವಿಗೆ ಹಚ್ಚಿದಳು. ಹಚ್ಚಿ, ಒಳಗೆ ಹೋಗಿ, ಚಹಾದ ಬಟ್ಟಲು ತೊಳೆಯುವ ನೆವದಲ್ಲಿ ಎಷ್ಟೋ ಹೊತ್ತು ಅಲ್ಲೇ ಇದ್ದಳು.

ಇದೆಲ್ಲ ನನ್ನ ಕಣ್ಣೆದುರೇ ನಡೆದದ್ದು. ಆದರೂ ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿದ್ದದ್ದು ಬೇರೆಯೇ. ಸುಳಿಯಲ್ಲಿ ನೀರು ನಿಲ್ಲಬಾರದು, ಮುಂದಿನ ಸಲ ಹೋದಾಗ ಹೇಳಬೇಕು ಎಂದುಕೊಳ್ಳುತ್ತಿದ್ದೆ.

ನಾನು ಆರನೇ ಇಯತ್ತೆಗೇ ಶಾಲೆ ಬಿಟ್ಟು ಛಾಟ್ನಿಯ ಟೋಳಿ ಸೇರಿದವನು. ದ್ರಾಕ್ಷಿಯ ಬಳ್ಳಿ ಕತ್ತರಿಸುವುದಕ್ಕೆ ನಮ್ಮಲ್ಲಿ ಛಾಟ್ನಿ ಎನ್ನುತ್ತಾರೆ. ಮಂದಿಯ ತೋಟದಲ್ಲಿ ಕತ್ತರಿ ಆಡಿಸಿ ಆಡಿಸಿ ಕೊನೆಗೆ ಸ್ವಂತ ತೋಟ ಮಾಡಿದೆ. ಎಲೆಯ ಬಣ್ಣ ನೋಡಿ ರೋಗ ಹೇಳುತ್ತೇನೆ. ಮಂಜು ಬಿದ್ದ ಬೆಳಿಗ್ಗೆ ಯಾವ ಸಾಲಿನಲ್ಲಿ ಬೂಜು ಹತ್ತುತ್ತದೆಂದು ನನಗೆ ಮೂಗಿಗೇ ತಿಳಿಯುತ್ತದೆ. ಓದಿದವರಿಂದ ಕೇಳಿ ತಿಳಿಯುವ ಅಗತ್ಯ ಬೀಳಲಿಲ್ಲ ಎಂಬ ಹೆಮ್ಮೆ ನನಗಿದೆ, ಈಗಲೂ ಇದೆ. ಗಿಡ ಉಳಿಸುವುದು ಬಿಟ್ಟು ಬೇರೆ ಏನನ್ನೂ ನಾನು ಅಷ್ಟು ಮನಸ್ಸಿಟ್ಟು ಮಾಡಿದವನಲ್ಲ.

ಶಿವರಾತ್ರಿಯ ಹೊತ್ತಿಗೆ ಹೂವುಗಳು ಒಂದೊಂದಾಗಿ ಉದುರಿದವು ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಹೆಣ್ಣುಮಕ್ಕಳು ಬರುವುದು ಮಾತ್ರ ತಪ್ಪಿರಲಿಲ್ಲ. ಮತ್ತೆ ಯಾವಾಗ ಬಿಡುತ್ತದೆ, ಏನು ಕಡಿಮೆಯಾಯಿತು ಎಂದು ಮೊದಲಿಗಿಂತ ಹೆಚ್ಚು ಕಾಳಜಿ ಮಾಡುತ್ತಿದ್ದರಂತೆ. ಕಾಳಜಿ ಎಂದರೆ ಇನ್ನಷ್ಟು ನೀರು.

ಯುಗಾದಿಯ ಮುಂಚೆ ಹೋದಾಗ ಗಿಡದ ಹತ್ತಿರ ಬಗ್ಗುತ್ತಲೇ ನನಗೆ ವಾಸನೆ ಬಂತು. ಎಲೆಗಳು ಬಳಲಿ ಕೆಳಗೆ ಜೋತಿದ್ದವು. ಸುಳಿಯಲ್ಲಿ ಕುಂಕುಮ ಕದಡಿದ ಕೆಂಪು ನೀರು ನಿಂತಿತ್ತು. ನಡುವಿನ ಎಲೆ ಹಿಡಿದು ಮೆಲ್ಲಗೆ ಎಳೆದರೆ ಬೆಣ್ಣೆಯೊಳಗಿನ ಕೂದಲಿನ ಹಾಗೆ ಕಿತ್ತು ಕೈಗೆ ಬಂತು. ಅದರ ಬುಡ ಕಂದುಬಣ್ಣಕ್ಕೆ ತಿರುಗಿ ಕರಗಿಹೋಗಿತ್ತು.

"ಅಕ್ಕಾ, ಇದಕ್ಕ ದಿನಾ ಎಷ್ಟ ನೀರ ಹಾಕತಿ?"

"ನಾ ಎಲ್ಲಿ ಹಾಕತೇನೋ ತಮ್ಮಾ. ಬಂದವ್ರ ಹಾಕತಾರ."

"ಎಷ್ಟ ಮಂದಿ?"

"ಎಣಿಸಾಕ ಇದೇನ ಮದಿವಿ ಊಟೇನ?"

"ಬ್ಯಾಡ ಅನ್ನಾಕ ನಿನಗೇನಾಗಿತ್ತು? ಕೊಳತ ಹೋಗೇತಿ ನೋಡಿಲ್ಲೆ."

ಅಕ್ಕ ದನಿ ತಗ್ಗಿಸಿದಳು. "ಹೆಂಗ ಬ್ಯಾಡ ಅನ್ಲಿ? ತಂಬಿಗಿ ಹಿಡಕೊಂಡ ಬಂದವ್ರಿಗೆ ಬ್ಯಾಡ ಅಂದ್ರ, ಬಾಗಲದಾಗಿಂದ ಹಂಗ ಹೊಳ್ಳಿ ಹೋಗ್ತಾರೋ."

ಅವಳು ಮಾತು ಮುಗಿಸುವಷ್ಟರಲ್ಲೇ ವೈನಿ ಬಂದರು. ಕೈಯಲ್ಲಿ ತಂಬಿಗೆ, ಅದರ ಬಾಯಿಗೆ ಬಿಳಿ ಬಟ್ಟೆ ಮುಚ್ಚಿತ್ತು. ಹಿಂದೆಯೇ ಭಾಭಿ.

"ಏನ ದಾದಾ, ಯಾವಾಗ ಬಂದ್ರಿ?"

"ಅಲ್ಲೇ ನಿಂದರ್ರಿ ವೈನಿ," ಎಂದೆ. "ಇನ್ನ ಈ ಗಿಡಕ್ಕ ಯಾರೂ ನೀರ ಮುಟ್ಟಸಬ್ಯಾಡ್ರಿ. ಹಾಕಿ ಹಾಕಿ ಕೊಂದ ಇಟ್ಟೀರಿ."

ವೈನಿಯ ಮುಖ ಸಣ್ಣದಾಯಿತು. "ಅಯ್ಯ, ನಾ ಏನ ಹೊಲಸ ನೀರ ತರೂದಿಲ್ರಿ. ಗಾಳಿಸಿ, ಕಾಸಿ, ಆರಿಸಿದ ನೀರ. ಅದರಾಗ ಒಂದ ಸಣ್ಣ ಜೀವಾ ಸುದ್ದಾ ಸತ್ತಿಲ್ಲ."

"ಆ ಜೀವಾ ಸತ್ತಿಲ್ಲ ಖರೆ. ಈ ಜೀವಾ ಸತ್ತಿತಲ್ರಿ ನಿಮ್ಮ ಕೈಯಾಗ."

ಹುಳು ಹುಪ್ಪಡಿ ಅನ್ನದಲ್ಲಿ ಬಿದ್ದೀತೆಂದು ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ಹೆಣ್ಣುಮಗಳಿಗೆ ನಾನು ಹೇಳಿದ ಮಾತಿದು. ಆಗ ನನಗೆ ಅದು ಹೊಳೆಯಲಿಲ್ಲ. ಭಾಭಿ ತಿಳಿಗೊಳಿಸಲು, "ದಾದಾ ಡಾಕ್ಟರ್ ಆಗ್ಯಾರ. ಬೇಗಂ ಸಾಹೇಬ್ರಿಗೆ ಸಲಾಯಿನ್ ಹಚ್ಚತೀರೇನ್ರಿ?" ಎಂದು ನಕ್ಕರು. ನಾನು ನಗಲಿಲ್ಲ. ವೈನಿ ತಂಬಿಗೆಯನ್ನು ಸೆರಗಿನ ಮರೆಗೆ ಮಾಡಿಕೊಂಡು, "ತಪ್ಪಾತ ಬಿಡ್ರಿ ಅಕ್ಕಾ" ಎಂದು ಅಕ್ಕನಿಗೆ ಹೇಳಿ ಹೊರಟುಹೋದರು.

ಗಿಡವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದೆ.

"ಹೂ ಹೋದ ಗಿಡ, ಇಲ್ಲೇ ಇರಲಿ ಬಿಡೋ," ಎಂದಳು ಅಕ್ಕ.

"ಇಲ್ಲೇ ಬಿಟ್ರ ಎಂಟ ದಿನಾ ತಾಳೂದಿಲ್ಲಿದು."

"ತಾಳದಿದ್ರ ಹೋಗಲಿ."

ಅದನ್ನು ಅವಳು ಮೆಲ್ಲಗೆ ಹೇಳಿದಳು. ನನಗೆ ಕೇಳಿಸಿತು. ಗಿಡದ ಮೇಲಿನ ಆಸೆ ಬಿಟ್ಟು ಹಾಗೆ ಹೇಳುತ್ತಿದ್ದಾಳೆ, ಉಳಿಸಿ ತಂದು ತೋರಿಸುತ್ತೇನೆ ಎಂದುಕೊಂಡು ಬಸ್ ಹತ್ತಿದೆ.

ತೋಟಕ್ಕೆ ತಂದು ಕುಂಡ ಬಿಚ್ಚಿದರೆ ಒಳಗಿನ ಪಾಚಿ ಹಿಂಡಿದಂತೆ ನೀರು ಸುರಿಯಿತು. ಬೇರುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಗಟ್ಟಿಯಿದ್ದದ್ದು ಜೀವದ ಬೇರು. ಕೊಳೆತದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ತೊಗಟೆ ಸುಲಿದು ಬಂದು, ಒಳಗೆ ಬರೀ ದಾರದಂಥ ಎಳೆ ಉಳಿಯುತ್ತಿತ್ತು. ಹೆಚ್ಚಿನವು ಹಾಗೇ ಇದ್ದವು. ಛಾಟ್ನಿಯ ಕತ್ತರಿಯನ್ನು ಒಲೆಯ ಉರಿಯಲ್ಲಿ ಕಾಸಿ, ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಸುಳಿಯನ್ನು ಚಾಕುವಿನ ತುದಿಯಿಂದ ಕೆತ್ತುತ್ತ ಹೋದೆ. ಕಂದು ಮುಗಿದು ಬಿಳಿ ಕಾಣುವವರೆಗೂ ಬಿಡಲಿಲ್ಲ. ಒಣಗಿದ ಹೂಕಡ್ಡಿಯನ್ನೂ ಬುಡಕ್ಕೆ ಕತ್ತರಿಸಿದೆ. ಬೇನೆಬಿದ್ದ ಗಿಡಕ್ಕೆ ಮತ್ತೆ ಹೂ ಬಿಡುವ ಭಾರ ಹಾಕಬಾರದು.

ಆಮೇಲೆ ನನ್ನ ಕೈ ತಾನಾಗಿ ಬೋರ್ಡೋದ ಬಕೆಟ್ಟಿನ ಕಡೆ ಹೋಯಿತು. ಮೈಲುತುತ್ತ ಮತ್ತು ಸುಣ್ಣ ಕಲಸಿದ ಆ ನೀಲಿ ನೀರು ದ್ರಾಕ್ಷಿಯವನ ಮನೆಮದ್ದು. ಏನೋ ಅನುಮಾನ ಬಂದು ಮಿರಜಿನ ಒಂದು ನರ್ಸರಿಯವನಿಗೆ ಫೋನು ಮಾಡಿದೆ. ನನ್ನ ಗಿಡ ಎನ್ನಲು ನಾಚಿಕೆಯಾಗಿ, ಗೆಳೆಯನೊಬ್ಬನ ಗಿಡ ಎಂದು ಹೇಳಿ, ಬೋರ್ಡೋ ಹಾಕಬಹುದೇ ಎಂದು ಕೇಳಿದೆ.

"ನಿಮ್ಮ ಗೆಳೆಯಾರು ದ್ರಾಕ್ಷಿ ಮಾಡ್ತಾರೇನ್ರಿ?" ಎಂದ ಅವನು.

"ಹೌದ್ರಿ. ಯಾಕ್ರಿ?"

"ದ್ರಾಕ್ಷಿಯವ್ರ ಎಲ್ಲಾರೂ ಮೊದಲ ಬೋರ್ಡೋ ಹುಡಕತಾರ, ಅದಕ್ಕ ಕೇಳಿದೆ. ಅಜಿಬಾತ್ ನಕೋ, ಒಟ್ಟ ಬ್ಯಾಡ. ಅದರ ತಾಮ್ರ ಇದರ ಬೇರ ಸುಟ್ಟ ಬಿಡತೈತಿ. ಕೊಯ್ದ ಗಾಯಕ್ಕಷ್ಟ ದಾಲ್ಚಿನ್ನಿ ಪುಡಿ ಒತ್ತಾಕ ಹೇಳ್ರಿ. ಬೇರಿಗೆ ಪುಡಿ ಹಚ್ಚಬ್ಯಾಡ, ಒಣಗಿ ಹೋಗತಾವು. ನಿಮ್ಮ ಗೆಳೆಯಾಗ ಹೇಳ್ರಿ, ಗಡಿಬಿಡಿ ಮಾಡಬ್ಯಾಡಂತ."

ಹೆಂಡತಿಯ ಮಸಾಲೆ ಡಬ್ಬಿಯಿಂದ ದಾಲ್ಚಿನ್ನಿ ತೆಗೆದು ಕುಟ್ಟಿ, ಸುಳಿಯ ಗಾಯಕ್ಕೆ ಒತ್ತಿದೆ. ಗಾಯ ಆರಲೆಂದು ಗಿಡವನ್ನು ತಲೆಕೆಳಗಾಗಿ ನೆರಳಿನಲ್ಲಿ ಕಟ್ಟಿದೆ. ಪಕ್ಕಕ್ಕೆಲ್ಲ ತೂತಿದ್ದ ಮಣ್ಣಿನ ಕುಂಡದಲ್ಲಿ ತೆಂಗಿನ ಸಿಪ್ಪೆಯ ತುಂಡು, ಇದ್ದಿಲು ಹಾಕಿ, ನೀರು ಬಿದ್ದರೂ ಜಾರಿಹೋಗುವಂತೆ ಗಿಡವನ್ನು ಓರೆಯಾಗಿ ಕೂರಿಸಿದೆ. ಮೋಟರಿನ ಶೆಡ್ಡಿನ ಪಕ್ಕದಲ್ಲಿ ನೆರಳಿನ ಬಲೆ ಎರಡು ಪದರು ಕಟ್ಟಿ ಅಲ್ಲಿ ತೂಗುಹಾಕಿದೆ. ಬೇಸಿಗೆಯ ಝಳಕ್ಕೆ ಕೆಳಗೆ ಗೋಣಿತಟ್ಟು ತೋಯಿಸಿ ಹಾಸುತ್ತಿದ್ದೆ. ಸಿಪ್ಪೆ ಪೂರ್ತಿ ಆರಿದ ಮೇಲೆಯೇ ನೀರು, ಅದೂ ಬೆಳಿಗ್ಗೆ, ಅದೂ ಬೇರಿಗೆ ಮಾತ್ರ. "ನನ್ನ ಜ್ವರಕ್ಕ ಒಂದ ದಿನಾ ಹಿಂಗ ಕುಂತಿಲ್ಲ ನೀವು" ಎಂದು ಹೆಂಡತಿ ಚುಚ್ಚಿದಳು.

ಮಳೆಗಾಲ ಶುರುವಾದ ಮೇಲೆ ಬುಡದ ಪಕ್ಕದಲ್ಲಿ ಒಂದು ಹಸಿರು ಚುಕ್ಕೆ ಕಾಣಿಸಿತು. ಸುಳಿ ಸತ್ತ ಗಿಡ ಪಕ್ಕದಿಂದ ಮರಿ ಎಬ್ಬಿಸಿತ್ತು. ಅವತ್ತು ನಾನು ಅಕ್ಕನಿಗೆ ಫೋನು ಮಾಡಿ ಮಗು ಹುಟ್ಟಿದಂತೆ ಹೇಳಿದೆ.

"ಚಲೋ ಆತು," ಎಂದಳು. "ಯಾವಾಗ ತರತಿ?"

"ಇನ್ನ ಸಣ್ಣದೈತಿ. ಹೂ ಬಂದ ಮ್ಯಾಲ ತರತೇನಿ."

ದೀಪಾವಳಿ ಬಂತು. ಮರಿ ಎರಡು ಎಲೆ ಬಿಟ್ಟಿತ್ತು, ಅಷ್ಟೇ. ಅಕ್ಕ ಮತ್ತೆ ಕೇಳಿದಳು. "ಹೂ ಇಲ್ಲದಿದ್ರ ಇಲ್ಲೋ. ಗಿಡಾನ ತಂದ ಇಡ."

"ಬರೀ ಎಲಿ ತಂದ ಯಾರಿಗೆ ತೋರಸ್ತಿ? ತಡಿ ಒಂದ ವರ್ಷ. ಹೂ ಸಮೇತ ತಂದ ಇಟ್ಟ ಅವ್ರೆಲ್ಲಾರ ಬಾಯಿ ಮುಚ್ಚಸ್ತೇನಿ."

ಯಾರ ಬಾಯಿ ಮುಚ್ಚಿಸುವುದಿತ್ತೋ ನನಗಂತೂ ಗೊತ್ತಿಲ್ಲ. ನನ್ನ ವಿರುದ್ಧ ಯಾರೂ ಬಾಯಿ ತೆರೆದಿರಲಿಲ್ಲ. ಆ ವರ್ಷವೆಲ್ಲ ಫೋನಿನಲ್ಲಿ ಅಕ್ಕ ಗಿಡದ ಬಗ್ಗೆ ಕೇಳುತ್ತಿದ್ದಳು, ನಾನು ಬೇರು, ಎಲೆ ಎಂದು ವರದಿ ಒಪ್ಪಿಸುತ್ತಿದ್ದೆ. ಅವಳ ಮಾತಿನಲ್ಲಿ ವೈನಿ, ಭಾಭಿ ಬರುವುದು ನಿಂತಿದೆ ಎಂಬುದು ನನ್ನ ಕಿವಿಗೆ ಬೀಳಲಿಲ್ಲ. ನನ್ನ ಕಿವಿಯೆಲ್ಲ ನನ್ನ ಉತ್ತರದ ಕಡೆಯೇ ಇತ್ತು.

ಮುಂದಿನ ಚಳಿಗಾಲಕ್ಕೆ ಮರಿಯ ಎಲೆಸಂದಿಯಿಂದ ಕಡ್ಡಿ ಹೊರಟಿತು. ಮೊಗ್ಗುಗಳು ಕಾಳುಗಟ್ಟಿ, ಮೊದಲನೆಯದು ಅರಳಿದ ಮಾರನೆಯ ದಿನವೇ ಗಿಡವನ್ನು ಚಿಕ್ಕೋಡಿಗೆ ಒಯ್ದೆ. ಹೊಸ ಅಂಗಿ ಹಾಕಿಕೊಂಡು ಹೋಗಿದ್ದೆ. ಓಣಿಯಲ್ಲಿ ಬೇಕೆಂದೇ ನಿಧಾನ ನಡೆದೆ. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಹೆಣ್ಣುಮಕ್ಕಳು ನೋಡಿ, "ಚಂದ ಆಗೇತ್ರಿ" ಎಂದರು. ಎದ್ದು ಬರಲಿಲ್ಲ.

ಅಕ್ಕ ಗಿಡವನ್ನು ಕಿಟಕಿಯಲ್ಲಿಟ್ಟಳು. ನಾನು ಹೇಗೆ ಉಳಿಸಿದೆ ಎಂಬುದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತ ಚಾಪೆ ಹಾಸಿದಳು, ಚಹಾಕ್ಕೆ ದೊಡ್ಡ ಪಾತ್ರೆ ಇಟ್ಟಳು. ಬಹಳ ಹೊತ್ತಾದರೂ ಯಾರೂ ಬರಲಿಲ್ಲ. ಕೊನೆಗೆ ನಾನೇ ಎದ್ದು ಎದುರು ಮನೆಗೆ ಹೋಗಿ ಕರೆದೆ. ವೈನಿ ಬಂದರು. ಅವರ ಹಿಂದೆ ಇನ್ನಿಬ್ಬರು. ಬಂದವರು ಕಿಟಕಿಯಿಂದ ಮಾರು ದೂರ ನಿಂತರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಗಾಜಿನ ಸಾಮಾನಿನ ಅಂಗಡಿಯಲ್ಲಿ ಸಣ್ಣ ಹುಡುಗರನ್ನು ನಿಲ್ಲಿಸಿದ ಹಾಗೆ.

"ಕುಂದರ್ರಿ," ಎಂದಳು ಅಕ್ಕ. "ಚಾ ಆಗೇತಿ."

"ಬ್ಯಾಡ ಬಿಡ್ರಿ ಅಕ್ಕಾ. ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ," ಎಂದರು ವೈನಿ. "ದೂರಿಂದನ ಚಂದ ಕಾಣತೈತಿ." ಹೊರಡುವಾಗ ಒಬ್ಬಾಕೆಯ ಸೆರಗು ಎಲೆಗೆ ತಾಗಿತು. ಅವಳು ಬೆಚ್ಚಿ ನನ್ನ ಮುಖ ನೋಡಿದಳು.

ಅಕ್ಕ ಆ ಚಹಾವನ್ನು ಏನು ಮಾಡಿದಳೋ ನಾನು ನೋಡಲಿಲ್ಲ.

ಬಸ್ಸಿಗೆ ಹೋಗುವಾಗ ಭಾಭಿ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದರು. ಅವರನ್ನು ಕೇಳಿದೆ. ಯಾಕೆ ಯಾರೂ ಬರುವುದಿಲ್ಲ, ನಾನು ಒಂದು ಮಾತು ಆಡಿದ್ದಕ್ಕೆ ಇಷ್ಟು ದೊಡ್ಡದು ಮಾಡಬೇಕೆ ಎಂದೆ.

"ಮಾತಿಂದೇನಲ್ರಿ ದಾದಾ. ಮಾತ ಯಾರ ಆಡೂದಿಲ್ಲ?" ಎಂದರು ಮೊರದಿಂದ ಕಣ್ಣೆತ್ತದೆ. "ನೀವು ಗಿಡ ಒಯ್ದ ಮ್ಯಾಲೂ ನಾವು ನಾಕ ದಿನಾ ಹೋದ್ವಿ. ಆಮ್ಯಾಲ ಏನ ನೆವಾ ಹೇಳಿ ಹೋಗೂದ್ರಿ? ರೊಟ್ಟಿ ತಗೋಳಾಕ ಹೋದ್ರ ರೊಟ್ಟಿ ತಗೊಂಡ ಬರಬೇಕು. ಹೂ ನೋಡಾಕ ಅಂದ್ರ ಕುಂದರಾಕ ಬರತಿತ್ತು. ಅತ್ತಿ ಕೇಳಿದ್ರೂ ಹೇಳಾಕ ಬರತಿತ್ತು, ಹೂವಿಗೆ ನೀರ ಹಾಕಿ ಬಂದೆ ಅಂತ."

"ಈಗ ಹೂ ಬಂದೈತೆಲ್ರಿ."

"ಬಂದೈತ್ರಿ. ಮುಟ್ಟಿದ್ರ ಸಾಯತೈತಿ ಅಂದೀರಿ. ನಿಮ್ಮ ಅಕ್ಕನ ಆಸ್ತಿ, ನಮ್ಮ ಕೈಯಾಗ ಏನರ ಆದ್ರ?"

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ: ಅಕ್ಕ ಕೇಳಿದ ಆ ದೀಪಾವಳಿಗೆ ಬರೀ ಎಲೆಯ ಗಿಡವನ್ನೇ ಕೊಟ್ಟಿದ್ದರೆ? ಮೊದಲ ಸಲ ಹೂ ಉದುರಿದ ಮೇಲೆ, ಎಂಟು ದಿನ ಅಲ್ಲೇ ಕೊಳೆಯಲು ಬಿಟ್ಟಿದ್ದರೆ? ಆ ಎಂಟು ದಿನವೂ ಅವಳ ಚಾಪೆಯ ಮೇಲೆ ಜನ ಇರುತ್ತಿದ್ದರು. ಆಮೇಲೆ ಹೊಸ ಗಿಡ ತಂದು ಕೊಡುವುದು ನನಗೇನು ಕಷ್ಟದ್ದಾಗಿತ್ತು? ನಾನು ಗಿಡ ನೋಡಿದೆ. ಅಕ್ಕನಿಗೆ ಸಿಕ್ಕಿದ್ದೇನು ಎಂಬುದು ನನ್ನ ಕಣ್ಣೆದುರೇ ಕೂತಿದ್ದರೂ ನೋಡಲಿಲ್ಲ.

ಹೂವು ಆ ಸಲ ಮೊದಲಿಗಿಂತ ಹೆಚ್ಚು ದಿನ ನಿಂತಿತು. ಅಕ್ಕ ನಾನು ಹೇಳಿಕೊಟ್ಟಂತೆ ಸಿಪ್ಪೆಗೆ ಬೆರಳಿಟ್ಟು ನೋಡಿ, ಆರಿದ್ದರೆ ಮಾತ್ರ ನೀರು ಹಾಕುತ್ತಿದ್ದಳು. ಮನೆಯಲ್ಲಿ ಅದೂ ಅವಳೂ ಇಬ್ಬರೇ. ಕೊನೆಯ ಹೂ ಉದುರಿದ ಮೇಲೆ ನಾನು ಹೋದೆ. ಗಿಡ ಗಟ್ಟಿಮುಟ್ಟಾಗಿತ್ತು. ಈ ಸಲ ಕಡ್ಡಿಯನ್ನು ಬುಡಕ್ಕೆ ತೆಗೆಯಬೇಕಿರಲಿಲ್ಲ. ಕೆಳಗಿನಿಂದ ಎರಡು ಕಣ್ಣು ಬಿಟ್ಟು ಮೇಲೆ ಕತ್ತರಿಸಿದರೆ ಅಲ್ಲಿಂದಲೇ ಮತ್ತೆ ಕವಲೊಡೆದು ಹೂ ಬರಬಹುದು, ದ್ರಾಕ್ಷಿಯ ಹಾಗೆಯೇ. ಅಕ್ಕನಿಗೆ ತೋರಿಸಿ ಕತ್ತರಿಸಿದೆ.

"ಮುಗೀತ?" ಎಂದಳು.

"ಮುಗೀತು."

ಅವಳು ಕುಂಡ ಎತ್ತಿ ಸೊಂಟದ ಮೇಲೆ ಇಟ್ಟುಕೊಂಡಳು. ಏನು ಮಾಡುತ್ತಿದ್ದಾಳೆಂದು ನಾನು ಕೇಳುವ ಮೊದಲೇ ಓಣಿ ದಾಟಿ ಎದುರು ಮನೆಯ ಬಾಗಿಲಲ್ಲಿ ನಿಂತಿದ್ದಳು. "ವೈನಿ, ನನ್ನ ಕಿಡಕ್ಯಾಗ ಬಿಸಲ ಭಾಳ ಬರಾಕತ್ತೈತಿ. ಇದು ನಿಮ್ಮಲ್ಲೇ ಇರಲಿ. ನಾ ದಿನಾ ಬಂದ ನೋಡಿ ಹೋಗತೇನಿ."

ಅವಳ ಕಿಟಕಿಯಲ್ಲಿ ಬಿಸಿಲು ಎಂದೂ ಹೆಚ್ಚಾಗಿರಲಿಲ್ಲ. ವೈನಿ ನನ್ನ ಕಡೆ ನೋಡಿದರು. "ನನಗ ಹೆದರಿಕಿ ಬರತೈತ್ರಿ ಅಕ್ಕಾ. ಏನರ ಆದ್ರ?"

"ಆದ್ರ ಆಗಲಿ," ಎಂದಳು ಅಕ್ಕ. "ಗಿಡ ಐತಿ. ಅದೇನ ಮನಶ್ಯಾ ಅಲ್ಲ."

ಈ ಮಳೆಗಾಲದಲ್ಲಿ ಹೋದಾಗ ಅಕ್ಕನ ಮನೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಎದುರು ಮನೆಯಿಂದ ನಗುವ ದನಿ ಕೇಳುತ್ತಿತ್ತು. ಹೋದೆ. ವೈನಿಯ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳು ಕೂತಿದ್ದರು, ಭಾಭಿ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಅಕ್ಕ ಬಾಗಿಲ ಹತ್ತಿರ, ಗೋಡೆಗೆ ಒರಗಿ ಕೂತಿದ್ದಳು. ತನ್ನ ಮನೆಯಲ್ಲಾದರೆ ಅವಳು ನಡುವೆ ಕೂರುತ್ತಿದ್ದಳು. ಚಹಾ ಅವಳ ಕೈಯಿಂದ ಎಲ್ಲರಿಗೂ ಹೋಗುತ್ತಿತ್ತು. ಇಲ್ಲಿ ಅವಳಿಗೆ ಬೇರೆಯವರು ಕೊಟ್ಟರು. ಕುಂಕುಮದ ಬಟ್ಟಲು ಮೂಲೆಯಲ್ಲಿತ್ತು, ಅವಳಿಂದ ದೂರ. ಆ ಪಡಸಾಲೆಯವರೆಗಾದರೂ ಬಂದಳಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಗಿಡ ಕಿಟಕಿಯಲ್ಲಿತ್ತು. ಸುಳಿಯಲ್ಲಿ ನೀರು ಮಿನುಗುತ್ತಿತ್ತು. ಕೆಳಗಿನ ಎಲೆಯ ಬುಡ ಬೇಯಿಸಿದ ಹಾಗೆ ಪಾರದರ್ಶಕವಾಗಿತ್ತು. ಅದರ ಅರ್ಥ ಆ ಖೋಲಿಯಲ್ಲಿ ನನಗೊಬ್ಬನಿಗೇ ಗೊತ್ತು. ಆಗಲೇ ತೆಗೆದು, ಕೊಯ್ದು, ಆರಿಸಿದರೆ ಉಳಿಯುತ್ತಿತ್ತು.

"ಹೆಂಗೈತ್ರಿ ದಾದಾ ಗಿಡ?" ಎಂದು ವೈನಿ ಕೇಳಿದರು. ಕೇಳುವಾಗ ಅವರ ದನಿಯಲ್ಲಿ ಅಳುಕಿತ್ತು. ಅಕ್ಕ ಬಟ್ಟಲನ್ನು ತುಟಿಯ ಹತ್ತಿರ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಚಲೋ ಐತ್ರಿ ವೈನಿ," ಎಂದೆ. "ನಿಮ್ಮ ಕೈಗೆ ಹತ್ತೇತಿ."

ವೈನಿ ಹಗುರಾಗಿ ನಕ್ಕು, ನನಗೂ ಚಹಾ ತರಲು ಒಳಗೆ ಹೋದರು. ಭಾಭಿ ಬಿಟ್ಟ ಮಾತನ್ನು ಮುಂದುವರಿಸಿದರು. ಅಕ್ಕ ಗೋಡೆಯ ಕಡೆಗೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಕಿಟಕಿಗೆ ಬೆನ್ನು ಮಾಡಿ ಕೂತೆ.